ಮನೆಯಂಗಳದ ಜಲಾಂತರ್ಗಾಮಿ: ಬೆಸುಗೆ ತಪ್ಪಿದಾಗ...

ವಿಜ್ಞಾನ ವಸ್ತುಪ್ರದರ್ಶನಕ್ಕೆ ಜಲಾಂತರ್ಗಾಮಿಯ ಮಾದರಿ ಮಾಡಹೊರಟ ಮಕ್ಕಳಿಗೆ ಮೊದಲ ಪರೀಕ್ಷೆ ವೆಲ್ಡಿಂಗ್ ಶೆಡ್ಡಿನಲ್ಲೇ ಆಗುತ್ತದೆ. ಅಲ್ಲಿ ಆಗುವ ತಪ್ಪುಗಳನ್ನು ತಿದ್ದುವುದು ಹೇಗೆ?

ಶಿಕಾರಿಪುರಕ್ಕೂ ಸೊರಬಕ್ಕೂ ಸಮುದ್ರವಿಲ್ಲ. ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಆದರೂ ಭಾರತೀಯ ನೌಕಾಪಡೆಗೆ ಈ ಸೀಮೆಯ ನಂಟೊಂದಿದೆ. ಕಾರವಾರದಲ್ಲಿ 2005ರಲ್ಲಿ ಆರಂಭವಾದ ನೌಕಾನೆಲೆಯ ಹೆಸರು ‘ಐಎನ್‌ಎಸ್ ಕದಂಬ’. ಆ ಕದಂಬರ ಮೂಲಪುರುಷ ಮಯೂರಶರ್ಮನ ಕಥೆ ಹೇಳುವ ಕಂಬದ ಶಾಸನ ಇರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಅವರ ರಾಜಧಾನಿ ಬನವಾಸಿ ಸೊರಬದ ಗಡಿ ದಾಟಿದರೆ ಸಿಗುತ್ತದೆ.

ಈ ಊರುಗಳ ಹೈಸ್ಕೂಲು ಹುಡುಗನೋ ಹುಡುಗಿಯೋ ‘ಈ ಸಲ ಜಲಾಂತರ್ಗಾಮಿ ಮಾಡ್ತೀನಿ’ ಎಂದರೆ ಮನೆಯಲ್ಲಿ ಮೊದಲು ನಗು, ಆಮೇಲೆ ಖರ್ಚಿನ ಲೆಕ್ಕ. ಮೂರಡಿ ಉದ್ದದ, ಒಳಗೆ ಯಾರೂ ಕೂರದ ಮಾದರಿಯಾದರೆ ಇದು ಆಗದ ಮಾತೇನಲ್ಲ. ಅಡಿಕೆ ಬೇಯಿಸುವ ಹಂಡೆಯ ತೂತು ಮುಚ್ಚುವ, ಟ್ರಾಕ್ಟರ್ ಟ್ರೇಲರಿಗೆ ಪಟ್ಟಿ ಬೆಸೆಯುವ ಕೈಗಳು ನಮ್ಮ ಪೇಟೆಗಳಲ್ಲಿವೆ. ಕೆಲಸ ಶುರುವಾದ ಮೇಲೆ ತಪ್ಪುಗಳಂತೂ ಆಗುತ್ತವೆ. ಅವನ್ನು ತಿದ್ದುವುದೋ ಮುಚ್ಚಿಡುವುದೋ ಎಂಬಲ್ಲಿಯೇ ಕಲಿಕೆ ಇದೆ.

ನೀರಿನ ಭಾರ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತದೆ. 20 ಸೆಂ.ಮೀ. ಅಗಲದ ದುಂಡನೆಯ ಮುಚ್ಚಳದ ಮೇಲೆ ಒಂದೇ ಮೀಟರ್ ಆಳದಲ್ಲಿ 31 ಕಿಲೋ ಬೀಳುತ್ತದೆ. ಹತ್ತು ಮೀಟರಿನಲ್ಲಿ ಅದು 314 ಕಿಲೋ, ಅಂದರೆ ಆರು ಸಿಮೆಂಟ್ ಮೂಟೆಗಿಂತ ಹೆಚ್ಚು. ಹೊಲಿಗೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಈ ಒತ್ತಡ ಅದನ್ನು ಹುಡುಕಿಕೊಳ್ಳುತ್ತದೆ. ಮುಳುಗದೆ ತೇಲದೆ ನಿಲ್ಲುವಂತೆ ಸಮತೂಕಕ್ಕೆ ತಂದ ನೌಕೆಗೆ ಅರ್ಧ ಲೀಟರ್ ನೀರು ಸೋರಿದರೂ ಸಾಕು, ಅದು ತಳ ಸೇರುತ್ತದೆ.

ಜರ್ಮನಿಯ ವಿಲ್‌ಹೆಲ್ಮ್ ಬಾವರ್ ಈ ಪಾಠವನ್ನು ಪ್ರಾಣಭಯದಲ್ಲಿ ಕಲಿತ. ಅವನ ‘ಬ್ರಾಂಡ್‌ಟೌಖರ್’ ಕಟ್ಟುವಾಗ ಹಣದ ಮುಗ್ಗಟ್ಟಿನಿಂದ ಕಬ್ಬಿಣದ ಹಲಗೆಗಳ ದಪ್ಪ ಕಡಿಮೆ ಮಾಡಲಾಯಿತು. ಭಾರದ ನೀರಿಗೆ ಬೇರೆ ತೊಟ್ಟಿಗಳನ್ನೂ ಇಡಲಿಲ್ಲ. 1851ರ ಫೆಬ್ರುವರಿ 1ರಂದು ಕೀಲ್ ಬಂದರಿನಲ್ಲಿ ದೋಣಿ ಮೈ ಕುಸಿದು ತಳಕ್ಕೆ ಹೋಯಿತು. ಒಳಗಿದ್ದ ಮೂವರೂ ನೀರು ಏರಿ ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾಗುವವರೆಗೆ ಕಾದು, ಬಾಗಿಲು ತೆಗೆದು ಬದುಕಿ ಬಂದರು. ಬಾವರ್ ಸುಮ್ಮನಾಗಲಿಲ್ಲ. ರಷ್ಯಾದಲ್ಲಿ ಅವನು ಕಟ್ಟಿದ ಮುಂದಿನ ನೌಕೆ ನೂರಕ್ಕೂ ಹೆಚ್ಚು ಬಾರಿ ಮುಳುಗಿ ಎದ್ದಿತು.

ದಪ್ಪದ ವಿಷಯದಲ್ಲಿ ಲೆಕ್ಕ ಕಠೋರ. ಒಳಬಳೆಗಳಿಲ್ಲದ ಉದ್ದನೆಯ ಕೊಳವೆಯಲ್ಲಿ ತಗಡಿನ ದಪ್ಪ ಅರ್ಧವಾದರೆ, ಹೊರಗಿನ ಒತ್ತಡಕ್ಕೆ ನುಗ್ಗಾಗದೆ ನಿಲ್ಲುವ ಶಕ್ತಿ ಎಂಟನೇ ಒಂದಂಶಕ್ಕೆ ಇಳಿಯುತ್ತದೆ.

ಅಳತೆಯಲ್ಲೇ ಎಡವಿದರೆ

ಮಕ್ಕಳು ಸಾಮಾನ್ಯವಾಗಿ ಎಡವುವ ಜಾಗ ಇದು. ಹೊರವ್ಯಾಸ 20 ಸೆಂ.ಮೀ. ಇರುವ ಕೊಳವೆಗೆ ಪೈಯಿಂದ ಗುಣಿಸಿ 62.8 ಸೆಂ.ಮೀ. ತಗಡು ಕತ್ತರಿಸುತ್ತಾರೆ. ತಗಡಿಗೂ ದಪ್ಪವಿದೆ ಎಂಬುದು ಮರೆತುಹೋಗಿರುತ್ತದೆ. ಎರಡು ಮಿ.ಮೀ. ತಗಡಾದರೆ ಲೆಕ್ಕ ಹಿಡಿಯಬೇಕಾದ್ದು ನಡುವ್ಯಾಸ, ಅಂದರೆ 19.8 ಸೆಂ.ಮೀ. ಆಗ ಬೇಕಾದ ಉದ್ದ 62.2. ಆರು ಮಿ.ಮೀ. ಹೆಚ್ಚಾದರೆ ಕತ್ತರಿಸಿ ಸರಿಮಾಡಬಹುದು. ಕಡಿಮೆಯಾದರೆ ಸಂದನ್ನು ವೆಲ್ಡಿಂಗ್ ರಾಡಿನಿಂದಲೇ ತುಂಬಿಸಲು ಹೋಗಬಾರದು. ಹಾಗೆ ತುಂಬಿದ ಹೊಲಿಗೆ ಸೊಟ್ಟಗಾಗುತ್ತದೆ, ಒಳಗೆ ಕಿಟ್ಟ ಉಳಿಯುತ್ತದೆ. ಇದ್ದ ತಗಡಿಗೆ ತಕ್ಕಂತೆ ಕೊಳವೆಯನ್ನೇ ತುಸು ಸಣ್ಣದು ಮಾಡಿ, ಮುಚ್ಚಳವನ್ನೂ ಅದಕ್ಕೆ ಹೊಂದಿಸುವುದು ಜಾಣತನ.

ಕೊಳವೆ ದುಂಡಗಿದೆಯೆ ಎಂದು ನೋಡಲು ರಟ್ಟಿನಲ್ಲಿ ವೃತ್ತದ ಅಚ್ಚು ಕತ್ತರಿಸಿ ಹಿಡಿಯಿರಿ, ನಾಲ್ಕಾರು ಕಡೆ ವ್ಯಾಸ ಅಳೆಯಿರಿ. ಮೊಟ್ಟೆಯಾಕಾರವಾಗಿದ್ದರೆ ನೀರು ಚಪ್ಪಟೆಯಾದ ಕಡೆಯಿಂದಲೇ ಒಳಕ್ಕೆ ಒತ್ತುತ್ತದೆ. ಒಳಗೆ ದಪ್ಪ ಪೈಪು ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ತಿದ್ದಿ, ಆಮೇಲೆ ಒಳಬಳೆ ಕೂರಿಸಬೇಕು.

ಬೆಸುಗೆಯ ಗುಳ್ಳೆ

ಮಲೆನಾಡಿನ ಮಳೆಗಾಲ ವೆಲ್ಡಿಂಗ್‌ಗೆ ಒಳ್ಳೆಯ ಕಾಲವಲ್ಲ. ಪೊಟ್ಟಣ ಒಡೆದಿಟ್ಟ ರಾಡು ತೇವ ಹೀರುತ್ತದೆ. ಆ ತೇವ ಬೆಸುಗೆಯ ಶಾಖಕ್ಕೆ ಅನಿಲವಾಗಿ ಲೋಹದೊಳಗೆ ಗುಳ್ಳೆಯಾಗಿ ಉಳಿಯುತ್ತದೆ, ಕೆಲವೊಮ್ಮೆ ಬಿರುಕನ್ನೂ ತರುತ್ತದೆ. ತುಕ್ಕು, ಎಣ್ಣೆ, ಬಣ್ಣದ ಮೇಲೆ ಬೆಸೆದರೂ ಗುಳ್ಳೆ ತಪ್ಪದು.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಕೆಟ್ಟ ಬೆಸುಗೆಯ ಮೇಲೆ ಇನ್ನೊಂದು ಪದರ ಎಳೆಯುವುದು. ಕೆಳಗಿನ ಗುಳ್ಳೆ ಅಲ್ಲೇ ಉಳಿಯುತ್ತದೆ, ನೀರಿಗೆ ದಾರಿಯೂ ಉಳಿಯುತ್ತದೆ. ಗ್ರೈಂಡರ್‌ನಿಂದ ಕೆಟ್ಟದ್ದನ್ನು ಪೂರ್ತಿ ತೆಗೆದು, ಹೊಳೆಯುವ ಗಟ್ಟಿ ಲೋಹ ಕಂಡ ಮೇಲೆ ಒಣ ರಾಡಿನಿಂದ ಹೊಸದಾಗಿ ಬೆಸೆಯಬೇಕು. ಬಿರುಕಾದರೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು ಮುಂದೆ ಹರಿಯದಂತೆ ತಡೆದು, ನಡುವೆ ತೋಡಿ ತುಂಬಬೇಕು. ಅದೇ ಜಾಗದಲ್ಲಿ ಮತ್ತೆ ಬಿರಿದರೆ ಆ ತುಂಡನ್ನೇ ಬದಲಿಸಬೇಕು.

ಬೆಸೆದಾಗ ತಗಡು ಸೊಟ್ಟಗಾಗುವುದು ಒಂದೇ ಕಡೆ ಶಾಖ ಕೂಡುವುದರಿಂದ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುವಂತೆ, ಬೆಸುಗೆಯ ಚುಕ್ಕಿಗಳನ್ನೂ ಎದುರುಬದುರಾಗಿ ಹಾಕುತ್ತ ಹೋದರೆ ಸೊಟ್ಟ ಕಡಿಮೆ.

ಬಾಯಿ ಮತ್ತು ಮುಚ್ಚಳ

ಬಿಚ್ಚಿ ಹಾಕುವ ಮುಚ್ಚಳದ ಕೆಳಗೆ ರಬ್ಬರ್ ಬಳೆ ಇಟ್ಟರೂ ಸೋರುತ್ತಿದ್ದರೆ ರಬ್ಬರನ್ನು ಬೈಯುವ ಮುನ್ನ ಕೊಳವೆಯ ಅಂಚು ನೋಡಿ. ಅದರ ಮೇಲೆ ಗಾಜಿನ ಹಲಗೆ ಇಟ್ಟರೆ ಎಲ್ಲಿ ಸಂದು ಇದೆಯೆಂದು ಬೆಳಕೇ ತೋರಿಸುತ್ತದೆ. ಉಬ್ಬನ್ನು ಅರದಿಂದ ಉಜ್ಜಿ ಸಮಮಾಡಬೇಕು. ಬೋಲ್ಟುಗಳನ್ನು ಇನ್ನಷ್ಟು ಬಿಗಿದರೆ ಮುಚ್ಚಳವೇ ಬಾಗುತ್ತದೆ.

ಸೋರಿಕೆ ಹುಡುಕಲು ಕಸುಬುದಾರರ ಹಳೆಯ ಉಪಾಯವೊಂದಿದೆ. ಎರಡೂ ತುದಿ ಮುಚ್ಚುವ ಮೊದಲೇ ಹೊಲಿಗೆಯ ಹೊರಮೈಗೆ ಸುಣ್ಣ ಬಳಿದು ಒಣಗಿಸಿ, ಒಳಮೈಗೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಸವರಬೇಕು. ರಂಧ್ರವಿದ್ದಲ್ಲಿ ಬಿಳಿ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಇದನ್ನು ಬೆಂಕಿಯಿಂದ ದೂರವೇ ಮಾಡಬೇಕು. ಸೋಪಿನಿಂದ ತೊಳೆದು ಪೂರ್ತಿ ಒಣಗಿದ ಮೇಲಷ್ಟೇ ಮತ್ತೆ ಬೆಸುಗೆ. ಸಿದ್ಧವಾದ ನೌಕೆಗೆ ಗಾಳಿ ತುಂಬಿ ಪರೀಕ್ಷಿಸುವುದು ಅಪಾಯ, ಸಿಡಿದರೆ ಬಾಂಬಿನಂತೆ. ಹಗ್ಗ ಕಟ್ಟಿ ಮನೆಯ ತೊಟ್ಟಿಯಲ್ಲಿ ಮುಳುಗಿಸಿ ನೋಡಿದರೆ ಸಾಕು, ಕೆರೆಗೆ ಹೋಗಬೇಕಿಲ್ಲ.

ಎಲ್ಲಕ್ಕೂ ಕೊನೆಯಲ್ಲಿ ಬಣ್ಣ. ಎಂ-ಸೀಲ್ ಮೆತ್ತಿ ಬಣ್ಣ ಬಳಿದರೆ ತಪ್ಪು ಕಣ್ಣಿಗೆ ಮರೆಯಾಗುತ್ತದೆ, ನೀರಿಗಲ್ಲ. ಬಣ್ಣವೇ ಪ್ರಾಣ ತೆಗೆದದ್ದೂ ಉಂಟು. 1939ರ ಜೂನ್ 1ರಂದು ಬ್ರಿಟನ್ನಿನ ‘ಥೀಟಿಸ್’ ಜಲಾಂತರ್ಗಾಮಿ ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗಿತು. ಟಾರ್ಪೆಡೊ ಕೊಳವೆಯೊಳಗೆ ನೀರಿದೆಯೆ ಎಂದು ತಿಳಿಸುವ ಸಣ್ಣ ನಲ್ಲಿಯ ರಂಧ್ರ ಬಣ್ಣದಿಂದ ಮುಚ್ಚಿಹೋಗಿತ್ತು. ನೀರು ಹನಿಯದ್ದರಿಂದ ಕೊಳವೆ ಖಾಲಿಯೆಂದು ನಂಬಿ ಒಳಬಾಗಿಲು ತೆರೆದರು. ಕೊಳವೆಯ ಹೊರಬಾಗಿಲು ಕಡಲಿಗೆ ತೆರೆದೇ ಇತ್ತು. ಬದುಕಿದವರು ನಾಲ್ವರು, ಸತ್ತವರು 99.

ತಂದೆತಾಯಿಗೆ ಒಂದು ಮಾತು

ಕೆಲವು ವಿಷಯದಲ್ಲಿ ಮಕ್ಕಳ ಹಟಕ್ಕೆ ಮಣಿಯುವಂತಿಲ್ಲ. ಒಳಗೆ ಮನುಷ್ಯರು ಕೂರುವ ನೌಕೆ ಬೇಡವೇ ಬೇಡ. ಎಣ್ಣೆ, ಪೆಟ್ರೋಲು ತುಂಬಿದ್ದ ಹಳೆಯ ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸಬೇಡಿ, ಉಳಿದ ಆವಿ ಸಿಡಿಯುತ್ತದೆ. ಸತುವಿನ ಲೇಪವಿರುವ ತಗಡಿನ ಹೊಗೆ ಜ್ವರ ತರುತ್ತದೆ. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ. ರಾಡು ಹಿಡಿಯುವುದು ಕಸುಬುದಾರನೇ ಇರಲಿ. ಅಳತೆ, ಗುರುತು, ಅರ, ಪರೀಕ್ಷೆ ಮಕ್ಕಳ ಪಾಲಿಗಿರಲಿ.

ಆದರೆ ತಗಡು ಹಾಳಾಯಿತೆಂದು ಮಗುವನ್ನು ಗದರಬೇಡಿ. ಶ್ರೀಗಂಧದ ಕೆತ್ತನೆಗೆ ಹೆಸರಾದ ಸೊರಬದ ಗುಡಿಗಾರರ ಉಳಿ ಒಮ್ಮೆ ಜಾರಿದರೆ ಹೋದ ಚಕ್ಕೆ ಮರಳಿ ಬಾರದು. ಲೋಹ ಹಾಗಲ್ಲ, ತಪ್ಪೊಪ್ಪಿಕೊಂಡವನಿಗೆ ಇನ್ನೊಂದು ಅವಕಾಶ ಕೊಡುತ್ತದೆ. ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯಲು ಭಾರತ ರೂಪಿಸುತ್ತಿರುವ ‘ಮತ್ಸ್ಯ 6000’ ನೌಕೆಯ 80 ಮಿ.ಮೀ. ದಪ್ಪದ ಟೈಟಾನಿಯಂ ಗೋಳವನ್ನು ಬೆಸೆಯುವ ಮೊದಲು ಇಸ್ರೊ ವಿಜ್ಞಾನಿಗಳು ಸುಮಾರು 700 ಬಾರಿ ಪ್ರಯೋಗದ ಬೆಸುಗೆ ಮಾಡಿ ನೋಡಿದ್ದರು.

ಪ್ರದರ್ಶನದ ದಿನ ಮೇಜಿನ ಮೇಲೆ ನೌಕೆಯ ಪಕ್ಕದಲ್ಲೇ ಆ ಸೋರಿದ ಮೊದಲ ಮುಚ್ಚಳವನ್ನೂ ಇಡಲಿ. ‘ಇದು ಯಾಕೆ ಕೆಟ್ಟಿತು?’ ಎಂದು ನೋಡಲು ಬಂದವರು ಕೇಳಿದಾಗ ಉತ್ತರ ಹೇಳಬಲ್ಲ ಮಗು ಆ ಕೆಲಸವನ್ನು ನಿಜವಾಗಿ ಕಲಿತಿದೆ.