ತಾಯಿಯೂ ಮಲತಾಯಿಯೂ

ಆಂಗ್ಲವಿದ್ಯೆಯನ್ನು ಕಲಿತ ನಮ್ಮ ವಾಚಕರಲ್ಲಿ ಅನೇಕರು ‘ಸ್ಟೆಪ್‌ಮದರ್’ ಎಂಬ ಶಬ್ದವನ್ನು ಕೇಳಿದೊಡನೆ ಮೆಟ್ಟಿಲನ್ನು ನೆನೆಯುವರು. ತಾಯಿಗಿಂತ ಒಂದು ಮೆಟ್ಟಿಲು ಕೆಳಗಿನವಳೆಂದು ಅರ್ಥಮಾಡುವರು. ಅದು ಸರಿಯಲ್ಲ. ಪ್ರಾಚೀನ ಆಂಗ್ಲದಲ್ಲಿ ಈ ಪೂರ್ವಪದವು ಅಗಲಿಕೆಯನ್ನೂ ಅನಾಥತೆಯನ್ನೂ ಸೂಚಿಸುತ್ತಿದ್ದಿತು. ಮೊದಲು ‘ಸ್ಟೆಪ್‌ಚೈಲ್ಡ್’ ಎಂದರೆ ಹೆತ್ತವರನ್ನು ಕಳೆದುಕೊಂಡ ಮಗು. ಅದಕ್ಕೆ ತಾಯಾಗಿ ಬಂದವಳು ‘ಸ್ಟೆಪ್‌ಮದರ್’.

ಹುಮನಾಬಾದಿನ ಪೇಟೆಯಲ್ಲಿ ಕಿವಿಗೆ ಬೀಳುವ ಭಾಷೆಗಳಲ್ಲಿ ಸಂಗತಿ ಬೇರೆ. ಉರ್ದುವಿನ ‘ಸೌತೇಲಿ ಮಾ’, ಮರಾಠಿಯ ‘ಸಾವತ್ರ ಆಯಿ’, ತೆಲುಗಿನ ‘ಸವತಿ ತಲ್ಲಿ’ ಇವೆಲ್ಲವೂ ಸಂಸ್ಕೃತದ ‘ಸಪತ್ನೀ’ ಶಬ್ದದ ಸಂತಾನ. ಇಲ್ಲಿ ಮಗುವಿನ ಸುಳಿವೇ ಇಲ್ಲ. ಇರುವವರು ಸವತಿಯರು ಮಾತ್ರ. ಕನ್ನಡದ ಮನೆಗಳಲ್ಲಾದರೋ ಆಕೆಯನ್ನು ಎದುರಿಗೆ ‘ಮಲತಾಯಿ’ ಎಂದು ಕೂಗುವುದಿಲ್ಲ, ‘ಚಿಕ್ಕವ್ವ’ ಎನ್ನುವರು. ತಾಯಿಯ ತಂಗಿಗೂ ಅದೇ ಹೆಸರು. ಅಕ್ಕ ತೀರಿದ ಮನೆಗೆ ತಂಗಿಯನ್ನೇ ಕೊಡುವುದುಂಟಷ್ಟೆ. ಆಗ ಮಗುವಿನ ಬಾಯ ಮಾತು ಬದಲಾಗಬೇಕಾಗಿಯೇ ಇಲ್ಲ.

ಮನೆಯ ಮಾತು ಹೀಗಿರಲು, ಆಸ್ತಿಯ ಮಾತು ಬಂದಾಗ ಶಬ್ದದ ತೂಕವೇ ಬೇರೆ. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಅಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ರಚಿಸಿದನು. ಹೆಂಡಿರು ಮಕ್ಕಳಿಲ್ಲದೆ ಸತ್ತವನ ಸೊತ್ತು ‘ಪಿತರೌ’, ಎಂದರೆ ತಾಯ್ತಂದೆಗಳಿಗೆ, ಸಲ್ಲತಕ್ಕದ್ದೆಂದು ಯಾಜ್ಞವಲ್ಕ್ಯ ಸ್ಮೃತಿಯ ವಿಧಿ. ಈ ಒಂದು ದ್ವಿವಚನವನ್ನು ಬಿಡಿಸುವಾಗ ಮಾತೃಶಬ್ದವೇ ಮೊದಲು ಬರುವುದೆಂದೂ, ತಂದೆಯು ಸವತಿಯ ಮಕ್ಕಳಿಗೂ ತಂದೆಯೇ ಆಗಿರುವನು, ತಾಯಿಯಾದರೋ ಹಾಗಲ್ಲವಾದುದರಿಂದ ಆಕೆಯೇ ಹೆಚ್ಚು ಹತ್ತಿರದವಳೆಂದೂ ವಾದಿಸಿ, ತಂದೆಗಿಂತ ಮೊದಲು ತಾಯಿಗೆ ಹಕ್ಕು ಕೊಟ್ಟನು. ವಂಗದೇಶದ ಜೀಮೂತವಾಹನನು ತಂದೆಯನ್ನೇ ಮುಂದೆ ನಿಲ್ಲಿಸಿದನು. ವ್ಯಾಕರಣವನ್ನು ಒಣವಿದ್ಯೆಯೆಂದು ಹಳಿಯುವವರು ಇದನ್ನು ಗಮನಿಸಬೇಕು. ಆದರೆ ಹೆತ್ತವಳನ್ನು ಎತ್ತಿಹಿಡಿದ ಆ ವಾದವೇ ಮಲತಾಯಿಯನ್ನು ಹೊರಗೆ ನಿಲ್ಲಿಸಿತು.

ಈ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದ 1956ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಯು ಬಂದಿತು. ಉಯಿಲಿಲ್ಲದೆ ಸತ್ತ ಪುರುಷನ ಆಸ್ತಿಯಲ್ಲಿ ತಾಯಿಯನ್ನು ಹೆಂಡತಿ ಮಕ್ಕಳೊಡನೆ ಮೊದಲ ವರ್ಗದಲ್ಲಿರಿಸಿ, ತಂದೆಯನ್ನು ಎರಡನೆಯದಕ್ಕೆ ಇಳಿಸಿತು. ಮಲತಾಯಿಯೋ ಆ ಎರಡನೆಯ ವರ್ಗದ ಆರನೆಯ ಸಾಲಿನಲ್ಲಿ, ಸೋದರರ ಮಕ್ಕಳಿಗೂ ಹಿಂದೆ, ‘ತಂದೆಯ ವಿಧವೆ’ ಎಂಬ ಹೆಸರಿನಿಂದ ನಿಂತಿದ್ದಾಳೆ. ಎತ್ತಿ ಆಡಿಸಿ ಬೆಳೆಸಿದವಳಿಗೆ ಇದಾವ ನ್ಯಾಯ?

ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯು ಮಾತ್ರ ‘ಪಾಲಕರು’ ಎಂಬ ಶಬ್ದದೊಳಗೆ ಮಲತಂದೆ ಮಲತಾಯಿಯರನ್ನೂ ಸ್ಪಷ್ಟವಾಗಿ ಸೇರಿಸಿದೆ. ಆದಕಾರಣ ಜೀವನಾಂಶವನ್ನು ಬೇಡಿ ಕಚೇರಿಗೆ ಬಂದ ಚಿಕ್ಕವ್ವನನ್ನು, ನೀನು ಹೆತ್ತವಳಲ್ಲವೆಂದು ಹಿಂದಕ್ಕೆ ಕಳುಹಿಸಲು ಯಾವ ಗುಮಾಸ್ತನಿಗೂ ಅಧಿಕಾರವಿಲ್ಲ. ಸೊತ್ತಿನ ಪಟ್ಟಿಯಲ್ಲಿ ಆಕೆ ಇನ್ನೂ ತಂದೆಯ ವಿಧವೆಯೇ.