ಅಮ್ಮ ಟೀವಿ ಸದ್ದು ತಗ್ಗಿಸಿದ್ದೇಕೆ?

ಪುಣೆಯ ನಮ್ಮ ಮನೆಗೆ ಬಂದಾಗಲೆಲ್ಲ ಅಮ್ಮ ಸಂಜೆ ಏಳಕ್ಕೆ ಸರಿಯಾಗಿ ಟೀವಿ ಮುಂದೆ ಕೂರುತ್ತಾಳೆ. ನಾನು ಮೀಟಿಂಗ್ ಮುಗಿಸಿ ಕೋಣೆಯಿಂದ ಹೊರಬಂದರೆ ಸಾಕು, ರಿಮೋಟ್ ಎತ್ತಿ ಸದ್ದು ತಗ್ಗಿಸುತ್ತಾಳೆ. 'ಏನಿಲ್ಲ ಕಣೋ, ಸುಮ್ಮನೆ ಹಾಕಿದ್ದೆ' ಎನ್ನುತ್ತಾಳೆ. ಇದಕ್ಕೆ ಕಾರಣ ನಾನೇ. ಹಿಂದೊಮ್ಮೆ 'ಅದೇನಮ್ಮ ಆ ಅಳುಮುಂಜಿ ಸೀರಿಯಲ್ಲು, ತಲೆ ಇರೋರು ನೋಡ್ತಾರಾ?' ಎಂದಿದ್ದೆ. ಅದೇ ರಾತ್ರಿ ಹನ್ನೊಂದೂವರೆವರೆಗೆ ಐಪಿಎಲ್ ನೋಡಿದೆ. ನನ್ನ ತಲೆಯ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಎರಡು ವರ್ಷದ ಹಿಂದೆ ನಮಗೆ ಮಗು ಹುಟ್ಟಿತು. ಅತ್ತೆಯವರಿಗೆ ಆರೋಗ್ಯ ಸರಿಯಿಲ್ಲದ್ದರಿಂದ ಅಮ್ಮನೇ ಶಿವಮೊಗ್ಗದಿಂದ ಬಾಣಂತನಕ್ಕೆ ಬಂದಳು. ಮೂರನೇ ವಾರ ಹೆಂಡತಿ ಕಾರಣವಿಲ್ಲದೆ ಅಳತೊಡಗಿದಳು. ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದಳು. ನಿದ್ದೆಗೆಟ್ಟ ಸುಸ್ತು, ಸರಿಹೋಗುತ್ತದೆ ಎಂದುಕೊಂಡೆ. ಅಮ್ಮ ಒಪ್ಪಲಿಲ್ಲ. 'ಇದು ಬರೀ ಸುಸ್ತಲ್ಲ. ನಾಳೆಯೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಅವಳಿಗೆ ಮಾತ್ರ ಏನೂ ಅನ್ನಬೇಡ' ಎಂದಳು. ಹೆರಿಗೆಯ ನಂತರದ ಖಿನ್ನತೆ ಎಂದರು ವೈದ್ಯರು. ಚಿಕಿತ್ಸೆಯಿಂದ ಆಕೆ ಚೇತರಿಸಿಕೊಂಡಳು. ಇದನ್ನು ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. 'ಕಾಲೇಜಲ್ಲಿದ್ದಾಗ ಶರಪಂಜರ ಓದಿದ್ದೆನಲ್ಲೋ' ಎಂದಳು.

ತ್ರಿವೇಣಿಯವರ ಆ ಕಾದಂಬರಿಯ ಕಾವೇರಿಗೆ ಬಂದದ್ದು ಇನ್ನೂ ತೀವ್ರವಾದ ಮಾನಸಿಕ ಕಾಯಿಲೆ. ಹೆರಿಗೆಯ ನಂತರ ಅಸ್ವಸ್ಥಳಾಗುವ ಆಕೆ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಗಂಡನಿಂದ ಹಿಡಿದು ನೆರೆಹೊರೆಯವರೆಗೆ ಯಾರೂ ಅವಳನ್ನು ಗುಣವಾದವಳೆಂದು ನೋಡುವುದಿಲ್ಲ. ಕೊನೆಗೆ ಅವಳನ್ನು ಮತ್ತೆ ಕೆಡಿಸುವುದು ಆ ನೋಟವೇ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಮನೋವಿಜ್ಞಾನ ಓದಿದ್ದ ತ್ರಿವೇಣಿ ಸುಮಾರು 20 ಕಾದಂಬರಿ ಬರೆದು, 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗಿನ್ನೂ 35 ತುಂಬಿರಲಿಲ್ಲ.

ಇಂಥ ಬರವಣಿಗೆಗೆ ನಮ್ಮ ವಿಮರ್ಶೆಯ ಒಂದು ವಲಯ ಕೊಟ್ಟ ಹೆಸರು 'ಅಡುಗೆಮನೆ ಸಾಹಿತ್ಯ'. ಮಧ್ಯಾಹ್ನ ಕೆಲಸ ಮುಗಿಸಿದ ಹೆಂಗಸರು ಹೊತ್ತು ಕಳೆಯಲು ಓದುವಂಥದ್ದು ಎಂಬ ಧಾಟಿ. ಎಂ.ಕೆ. ಇಂದಿರಾ ಅವರಂಥವರನ್ನೂ ಈ ಮಾತು ಬಿಡಲಿಲ್ಲ. ಬಾಲವಿಧವೆಯೊಬ್ಬಳ ನಿಜ ಬದುಕನ್ನು ಆಧರಿಸಿದ ಅವರ 'ಫಣಿಯಮ್ಮ'ನನ್ನು 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಮಡಿ, ಕೇಶಮುಂಡನ, ಹೆರಿಗೆ ಎಲ್ಲವೂ ನಡೆಯುತ್ತಿದ್ದದ್ದು ಮನೆಯೊಳಗೇ. ಹಾಗಿರುವಾಗ ಅಡುಗೆಮನೆಯಿಂದ ಬರೆಯದೆ ಇನ್ನೆಲ್ಲಿಂದ ಬರೆಯಬೇಕಿತ್ತು?

ಹಾಗಂತ ಇಂದಿನ ಧಾರಾವಾಹಿಗಳೆಲ್ಲ ಶ್ರೇಷ್ಠ ಎನ್ನುತ್ತಿಲ್ಲ. ಅತ್ತೆ ವಿಷ ಬೆರೆಸುವುದು, ಸೊಸೆ ಎಲ್ಲವನ್ನೂ ಸಹಿಸಿ ದೇವತೆಯಾಗುವುದು, ಒಂದು ಕೆನ್ನೆಗೆ ಬಿದ್ದ ಏಟನ್ನು ಮೂರು ಸಲ ತೋರಿಸುವುದು ನನಗೂ ಹಿಡಿಸುವುದಿಲ್ಲ. ಹೆಣ್ಣನ್ನು ತಗ್ಗಿಸಿ ತೋರಿಸುವ ಕಥೆಯನ್ನು ಟೀಕಿಸಲೇಬೇಕು. ಆದರೆ ನಾವು ಟೀಕಿಸುವುದು ಕಥೆಯನ್ನೋ, ನೋಡುವವರನ್ನೋ? ನಾಯಕ ಒಂದೇ ಏಟಿಗೆ ಹತ್ತು ಜನರನ್ನು ಹಾರಿಸುವ ಸಿನಿಮಾದಲ್ಲೂ ತರ್ಕವಿಲ್ಲ, ಅದೇ ದೃಶ್ಯ ನಿಧಾನಗತಿಯಲ್ಲಿ ಮರುಕಳಿಸುತ್ತದೆ. ಅದನ್ನು 'ಮಾಸ್' ಎಂದು ಕರೆದು ಕಟೌಟ್‌ಗೆ ಹಾಲೆರೆಯುತ್ತೇವೆ. ನೋಡಿದ ಗಂಡಸರಿಗೆ ಬುದ್ಧಿಯಿಲ್ಲ ಎಂದು ಯಾವ ವಿಮರ್ಶಕನೂ ಬರೆಯುವುದಿಲ್ಲ. ಅಲ್ಲಿನ ಅತಿರೇಕ ಮನರಂಜನೆ, ಇಲ್ಲಿನದು ಮೂರ್ಖತನ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದೇ ಇನ್‌ಪುಟ್ ಕೊಟ್ಟಾಗ ಬಳಕೆದಾರ ಯಾರೆಂಬುದರ ಮೇಲೆ ಉತ್ತರ ಬದಲಾದರೆ ದೋಷವನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತೇವೆ, ಬಳಕೆದಾರನನ್ನು ಬೈಯುವುದಿಲ್ಲ. ಇಲ್ಲಿನ ದೋಷ ನನ್ನ ಅಳತೆಗೋಲಿನಲ್ಲೇ ಇತ್ತು. ಎಂ.ಟೆಕ್. ಓದಿದ ನನಗೆ ಗೊತ್ತಿಲ್ಲದ್ದು, ನಾನು ಹಗುರವಾಗಿ ಕಾಣುತ್ತಿದ್ದ ಓದಿನಿಂದ ಅಮ್ಮನಿಗೆ ಗೊತ್ತಿತ್ತು.

ಕಳೆದ ಸಲ ಅಮ್ಮ ಬಂದಾಗ ಏಳು ಗಂಟೆಗೆ ಪಕ್ಕದಲ್ಲಿ ಕೂತೆ. 'ಇವಳು ಯಾರಮ್ಮ, ಯಾಕೆ ಅಳ್ತಿದಾಳೆ?' ಎಂದೆ. ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖ ನೋಡಿದಳು. ಆಮೇಲೆ ಕಥೆ ಹೇಳಲು ಶುರುಮಾಡಿದಳು. ಕಥೆಗಾರರ ತಪ್ಪುಗಳನ್ನೂ ನನಗಿಂತ ಚೆನ್ನಾಗಿ ಪಟ್ಟಿಮಾಡಿದಳು. ಮಾರನೇ ದಿನ ನಾನು ಹೊರಬಂದಾಗ ಮತ್ತೆ ರಿಮೋಟ್‌ಗೆ ಕೈ ಹಾಕಿದಳು. ಆಡಿದ ಒಂದು ಮಾತು ಅಷ್ಟು ಬೇಗ ಮರೆತುಹೋಗುವುದಿಲ್ಲ. 'ಇರಲಿ ಬಿಡಮ್ಮ, ಸ್ವಲ್ಪ ಜೋರಾಗಿಯೇ ಇಡು' ಎಂದೆ.