ಪುಟ್ಟ ಕ್ಯಾಮೆರಾಕ್ಕೆ ಪಕ್ಕದ ಬೆಳಕು

ದಾವಣಗೆರೆಯ ಪಿ.ಜೆ. ಬಡಾವಣೆಯ ಎಷ್ಟೋ ಮನೆಗಳ ಬೀರುಗಳಲ್ಲಿ ಹುಡುಕಿದರೆ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಸಿಕ್ಕೀತು. ಮೊಬೈಲ್ ಬಂದಮೇಲೆ ಮೂಲೆ ಸೇರಿದ್ದ ಇವನ್ನು ಕಾಲೇಜು ಹುಡುಗರು ಈಗ ಮತ್ತೆ ಹೊರತೆಗೆಯುತ್ತಿದ್ದಾರೆ. ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಹೊತ್ತು ಅಜ್ಜಿಯನ್ನು ಸೋಫಾದಲ್ಲಿ ಕೂರಿಸಿ ಕ್ಲಿಕ್ಕಿಸಿದರೆ ಬರುವುದು ಮಾತ್ರ ಅದೇ ಹಳೆಯ ಫೋಟೊ: ಬಿಳಿಚಿದ ಮುಖ, ಕೆಂಪು ಕಣ್ಣು, ಗೋಡೆಗೆ ಅಂಟಿದ ಕಪ್ಪು ನೆರಳು. ಕ್ಯಾಮೆರಾ ಕೆಟ್ಟಿಲ್ಲ. ಅದರ ಫ್ಲ್ಯಾಶ್ ಲೆನ್ಸಿಗೆ ತೀರಾ ಹತ್ತಿರದಲ್ಲಿದೆ, ಅಷ್ಟೇ.

ಬೆಳಕನ್ನು ಪಕ್ಕಕ್ಕೆ ಸರಿಸೋಣವೆಂದರೆ ಇಂಥ ಹೆಚ್ಚಿನ ಕ್ಯಾಮೆರಾಗಳಿಗೆ ತಲೆಯ ಮೇಲೆ ಬೇರೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇಲ್ಲ, ವೈರ್ ಚುಚ್ಚುವ ಜಾಗವೂ ಇಲ್ಲ. ಅಲ್ಲಿ ನೆರವಿಗೆ ಬರುವುದು ಸ್ಟುಡಿಯೋದವರು 'ಸ್ಲೇವ್' ಎನ್ನುವ ಫ್ಲ್ಯಾಶ್. ಅದರಲ್ಲೊಂದು ಬೆಳಕಿನ ಸೆನ್ಸರ್ ಇರುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ್ದೇ ತಡ, ಸೆನ್ಸರ್ ಅದನ್ನು ಗುರುತಿಸಿ ತನ್ನ ಫ್ಲ್ಯಾಶನ್ನೂ ಹೊಡೆಯುತ್ತದೆ. ಕ್ಯಾನನ್ ಕಂಪನಿ ತನ್ನ ಪವರ್‌ಶಾಟ್ ಕ್ಯಾಮೆರಾಗಳಿಗೆಂದೇ ಎಚ್‌ಎಫ್-ಡಿಸಿ1 ಎಂಬ ಸ್ಲೇವ್ ಮಾರುತ್ತಿತ್ತು. ಹೊಸದೇ ಬೇಕೆಂದಿಲ್ಲ. ಫಿಲ್ಮ್ ಕಾಲದ ಹಳೆಯ ವಿವಿಟಾರ್ ಫ್ಲ್ಯಾಶಿಗೆ ಬಿಡಿ ಸೆನ್ಸರ್ ಸಿಕ್ಕಿಸಿದರೂ ಆಯಿತು. ಅಂಥ ಕೆಲವು ಹಳೆಯ ಫ್ಲ್ಯಾಶ್‌ಗಳ ಕಾಲಿನಲ್ಲಿ 200 ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ. ಡಿಜಿಟಲ್ ಕ್ಯಾಮೆರಾದ ಮೇಲೆ ಕೂರಿಸಿದರೆ ಸರ್ಕ್ಯೂಟ್ ಸುಟ್ಟೀತು. ಸ್ಲೇವ್ ಆಗಿ ದೂರ ನಿಲ್ಲಿಸಿದರೆ ಆ ಭಯವಿಲ್ಲ.

ಹೊಸಬರು ಸೋಲುವುದು ಮುಂದಿನ ಹೆಜ್ಜೆಯಲ್ಲಿ. ಸ್ಲೇವ್ ಕಣ್ಣೆದುರೇ ಮಿಂಚುತ್ತದೆ, ಫೋಟೊದಲ್ಲಿ ಮಾತ್ರ ಅದರ ಬೆಳಕೇ ಇರುವುದಿಲ್ಲ! ಡಿಜಿಟಲ್ ಕ್ಯಾಮೆರಾ ಬೆಳಕಿನ ಅಂದಾಜಿಗೆ ಮೊದಲೊಂದು ಸಣ್ಣ ಫ್ಲ್ಯಾಶ್ ಹೊಡೆದು, ಆಮೇಲೆ ಅಸಲಿಯದನ್ನು ಹೊಡೆಯುತ್ತದೆ. ನಡುವಿನ ಅಂತರ ಎಷ್ಟು ಕಡಿಮೆಯೆಂದರೆ ನಮ್ಮ ಕಣ್ಣಿಗೆ ಎರಡೂ ಒಂದೇ. ಪೆದ್ದು ಸ್ಲೇವ್ ಮೊದಲನೆಯದಕ್ಕೇ ಹೊಡೆದು ಖಾಲಿಯಾಗಿ ಕೂರುತ್ತದೆ. ಯೊಂಗ್ನುವೊ, ಗೊಡಾಕ್ಸ್ ಫ್ಲ್ಯಾಶ್‌ಗಳಲ್ಲಿ ಇದಕ್ಕೆಂದೇ ಎಸ್1, ಎಸ್2 ಎಂಬ ಎರಡು ಆಯ್ಕೆಗಳಿವೆ. ಎಸ್1 ಮೊದಲ ಮಿಂಚಿಗೇ ಹೊಡೆಯುತ್ತದೆ. ಎಸ್2 ಅದನ್ನು ಬಿಟ್ಟು ಎರಡನೆಯದಕ್ಕೆ ಕಾಯುತ್ತದೆ. ಪುಟ್ಟ ಕ್ಯಾಮೆರಾದವರಿಗೆ ಸಾಮಾನ್ಯವಾಗಿ ಎಸ್2 ಬೇಕು. ಕೆಂಪು ಕಣ್ಣು ತಡೆಯುವ ಸೆಟ್ಟಿಂಗನ್ನು ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ಮಿಂಚಿನ ಲೆಕ್ಕವೇ ತಪ್ಪುತ್ತದೆ.

ಕ್ಯಾಮೆರಾದ್ದೇ ಬೆಳಕು ಮುಖಕ್ಕೆ ರಾಚಿದರೆ ಅದರ ಫ್ಲ್ಯಾಶ್ ಮೇಲೆ ಬಟರ್ ಪೇಪರ್ ಅಂಟಿಸಬಹುದು. ಇನ್ನೂ ಜಾಣ ಉಪಾಯ ಹಳೆಯ ಕಲರ್ ನೆಗೆಟಿವ್ ರೋಲಿನ ತುದಿಯ ಕಪ್ಪು ತುಂಡು. ಅದು ಕಣ್ಣಿಗೆ ಕಾಣುವ ಬೆಳಕನ್ನು ಬಹುಮಟ್ಟಿಗೆ ತಡೆದು ಇನ್‌ಫ್ರಾರೆಡ್ ಕಿರಣಗಳನ್ನು ಬಿಡುತ್ತದೆ. ಸೆನ್ಸರಿಗೆ ಅಷ್ಟು ಸಾಕು.

ಸ್ಲೇವ್ ಎಷ್ಟು ದೂರವಿರಬೇಕು? ಫ್ಲ್ಯಾಶಿನ ಶಕ್ತಿ ಹೇಳುವ ಗೈಡ್ ನಂಬರನ್ನು ಮೀಟರ್‌ ಲೆಕ್ಕದ ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ: ಐಎಸ್‌ಒ 100ರಲ್ಲಿ 28 ಇದ್ದರೆ, 5 ಮೀಟರಿಗೆ ಎಫ್/5.6. ಅಪರ್ಚರ್ ಬದಲಿಸಲು ಬಿಡದ ಕ್ಯಾಮೆರಾವಾದರೆ ಸ್ಲೇವ್ ಇಟ್ಟ ಸ್ಟೂಲನ್ನೇ ಸರಿಸಿ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ.

ಪಕ್ಕದ ಬೆಳಕಿನ ಮಹಿಮೆ ಕಾಣಬೇಕೆಂದರೆ ಹರಿಹರಕ್ಕೆ ಹೋಗಬೇಕು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದಲ್ಲಿ ತಿರುಗಣಿಗೆ ಕೊಟ್ಟು ಕಡೆದ ಕಂಬಗಳಿವೆ. ಪೂಜೆಯ ಹೊತ್ತು ಬಿಟ್ಟು, ಅಲ್ಲಿನವರನ್ನು ಕೇಳಿಕೊಂಡು ತೆಗೆಯಿರಿ. ಕ್ಯಾಮೆರಾದ ಫ್ಲ್ಯಾಶ್ ಮಾತ್ರ ಬಿದ್ದರೆ ಕಂಬ ಚಪ್ಪಟೆ, ಮೈಮೇಲೊಂದು ಬಿಳಿ ಮಚ್ಚೆ. ಸ್ಲೇವನ್ನು ಓರೆಯಾಗಿ ಹಿಡಿದು ಹೊಡೆದರೆ ಕಡೆದ ಒಂದೊಂದು ಬಳೆಗೂ ಒಂದು ಅಂಚು ಬೆಳಕು, ಒಂದು ಅಂಚು ನೆರಳು. ಕಲ್ಲಿನ ದುಂಡು ಮೈ ಎದ್ದು ಬರುತ್ತದೆ. ಬೆಣ್ಣೆದೋಸೆಯ ಗರಿಗರಿಯೂ ಓರೆ ಬೆಳಕಿಗೇ ಒಲಿಯುವುದು, ಆದರೆ ಬಿಸಿ ಆರುವ ಮೊದಲು ಯಾರಾದರೂ ಫೋಟೊ ತೆಗೆಯುತ್ತಾ ಕೂತಾರೇ!

ಮಧ್ಯಾಹ್ನದ ಬಿಸಿಲಲ್ಲಿ ಸೆನ್ಸರಿಗೆ ಕ್ಯಾಮೆರಾದ ಮಿಂಚು ಕಾಣುವುದೇ ಕಷ್ಟ. ಮದುವೆ ಮಂಟಪದಲ್ಲಿ ತಾಪತ್ರಯ ಇದರ ತದ್ವಿರುದ್ಧ. ಗಟ್ಟಿಮೇಳ ಮೊಳಗುತ್ತಿದ್ದಂತೆ ನೆಂಟರ ಕ್ಯಾಮೆರಾಗಳೆಲ್ಲ ಮಿಂಚುತ್ತವೆ, ಸ್ಲೇವ್ ಎಲ್ಲರಿಗೂ ಓಗೊಡುತ್ತದೆ. ನಿಮ್ಮ ಸರದಿ ಬಂದಾಗ ಅದು ಮತ್ತೆ ಚಾರ್ಜ್ ಆಗುತ್ತಾ ಕೂತಿರುತ್ತದೆ. ವೃತ್ತಿಯವರು ರೇಡಿಯೋ ಟ್ರಿಗರ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. ಟ್ರಿಗರ್ ಕೂರಿಸಲು ಹಾಟ್ ಶೂ ಬೇಕಲ್ಲ. ಅದಿಲ್ಲದ ಪುಟ್ಟ ಕ್ಯಾಮೆರಾದವರು ಮುಹೂರ್ತದ ಫೋಟೊವನ್ನು ಅವರಿಗೇ ಬಿಟ್ಟು, ಊಟದ ಹಾಲ್ ಕಡೆ ನಡೆಯುವುದು ಒಳ್ಳೆಯದು.